ಮೆಚ್ನಿಕಾಫ್: ಮುಳ್ಳಿನಿಂದ ಕರುಳಿನವರೆಗೆ

ಪ್ರೋಬಯಾಟಿಕ್ ಅಂತ ಬರೆದಿರೋ ಮೊಸರಿನ ಡಬ್ಬಿ ನಾವೆಲ್ಲ ನೋಡಿದ್ದೇವೆ. ಆ ಯೋಚನೆಯನ್ನು ಜನರ ಮಧ್ಯೆ ತಂದ ಇಲ್ಯಾ ಮೆಚ್ನಿಕಾಫ್ ಬಗ್ಗೆ ಮಾತ್ರ ನಮಗೆ ಗೊತ್ತಿರೋದು ಕಮ್ಮಿ.

1845ರಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್ ಸೀಮೆಯಲ್ಲಿ ಹುಟ್ಟಿದ ಇವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. 1873ರಲ್ಲಿ ಮೊದಲ ಹೆಂಡತಿ ಲುಡ್ಮಿಲಾ ಕ್ಷಯದಿಂದ ತೀರಿಕೊಂಡಾಗ ಬದುಕೇ ಬೇಡ ಅನ್ನಿಸಿ ಪ್ರಾಣ ಬಿಡಲು ಹೊರಟಿದ್ದರು, ಹೇಗೋ ಉಳಿದರು. 1882ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಕೆಲಸ ಬಿಟ್ಟು, ಎರಡನೇ ಹೆಂಡತಿ ಓಲ್ಗಾ ಮತ್ತವರ ಕುಟುಂಬದ ಜೊತೆ ಇಟಲಿಯ ಮೆಸ್ಸಿನಾ ಸೇರಿದರು.

ಅಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋದಾಗ ಇವರು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು! ಉರಿಯೂತ ಅಂದರೆ ರಕ್ತನಾಳಗಳ ತೊಂದರೆ ಅಂತ ಆಗಿನವರು ನಂಬಿದ್ದರು. ಆದರೆ ಈ ಮರಿಗೆ ರಕ್ತನಾಳವೇ ಇರಲಿಲ್ಲ. ಹಾಗಾದರೆ ಉರಿಯೂತ ಮೈಯ ರಕ್ಷಣೆಯ ಕೆಲಸ, ಹೊರಗಿಂದ ಬಂದದ್ದನ್ನು ನುಂಗೋ ಕೋಶಗಳೇ ಅದನ್ನು ಮಾಡ್ತವೆ ಅಂದರು. ಅವಕ್ಕೆ ಫ್ಯಾಗೊಸೈಟ್ ಅಂತ ಹೆಸರಾಯಿತು. ರಕ್ಷಣೆ ಇರುವುದು ರಕ್ತದ ದ್ರವದಲ್ಲಿ ಅಂತ ವಾದಿಸಿದವರ ಜೊತೆ ವರ್ಷಗಟ್ಟಲೆ ಜಟಾಪಟಿ ನಡೆಯಿತು. ಕೊನೆಗೆ 1908ರ ನೊಬೆಲ್ ಅವರಿಗೂ, ಆ ಕಡೆಯ ಪಾಲ್ ಎರ್ಲಿಕ್‌ಗೂ ಸೇರಿ ಬಂತು. ಎರಡೂ ಕಡೆಯವರು ಹೇಳಿದ್ದು ಸರಿಯೇ ಇತ್ತು.

1888ರಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಅವರು ಕೊನೆಕೊನೆಗೆ ಕರುಳಿನ ಬೆನ್ನು ಹತ್ತಿದರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ವಿಷ ಉಂಟುಮಾಡಿ ಮುಪ್ಪು ತರುತ್ತವೆ ಅನ್ನೋದು ಅವರ ನಂಬಿಕೆ. ಅದಕ್ಕೇ ಹುಳಿ ಹಾಲು ಕುಡಿಯೋರು. 1916ರಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವಿಷದ ಸಿದ್ಧಾಂತ ಮುಂದೆ ನಿಲ್ಲಲಿಲ್ಲ.

ಆದರೆ ಅವರು ಕಂಡ ನುಂಗುವ ಕೋಶಗಳು ಕರುಳಿನ ಗೋಡೆಯಲ್ಲೂ ದಂಡಿಯಾಗಿವೆ ಅಂತ ಈಗ ಗೊತ್ತು. ಅಲ್ಲಿನ ಮ್ಯಾಕ್ರೋಫೇಜ್‌ಗಳು ಗೋಡೆ ದಾಟಿ ಬಂದ ಬ್ಯಾಕ್ಟೀರಿಯಾವನ್ನು ನುಂಗ್ತವೆ, ಆದರೆ ಸುಮ್ಮಸುಮ್ಮನೆ ಗಲಾಟೆ ಎಬ್ಬಿಸಲ್ಲ. ಐಎಲ್-10 ಅನ್ನೋ ಪ್ರೋಟೀನ್ ಬಿಟ್ಟು ಉರಿಯೂತ ತಗ್ಗಿಸ್ತವೆ. ನಿಯಂತ್ರಕ ಟಿ-ಕೋಶಗಳೂ ಇದೇ ಕೆಲಸಕ್ಕೆ ಕೈಜೋಡಿಸ್ತವೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಇದು ನೆಗೆಟಿವ್ ಫೀಡ್‌ಬ್ಯಾಕ್. ಈ ಲೂಪ್ ಕಡಿದರೆ ಏನಾಗುತ್ತೆ? ಐಎಲ್-10 ತಯಾರಿಸಲಾಗದ ಇಲಿಗಳಿಗೆ ಕರುಳಿನ ಉರಿಯೂತ ಬಂದದ್ದು 1993ರಲ್ಲಿ ವರದಿಯಾಯಿತು. ಅದರ ಸಂಕೇತ ಗ್ರಹಿಸುವ ಜೀನ್ ಕೆಟ್ಟಿರುವ ಮಕ್ಕಳಿಗೆ ಹಸುಗೂಸಾಗಿದ್ದಾಗಲೇ ಇದೇ ಕಾಯಿಲೆ ತೀವ್ರವಾಗಿ ಬರುತ್ತದೆ.

ಮೆಚ್ನಿಕಾಫ್ ಈ ಕೋಶಗಳನ್ನೂ ನೋಡಿದ್ದರು, ಕರುಳನ್ನೂ ನೋಡಿದ್ದರು. ಅವರಿಗೆ ಕರುಳಿನ ಬ್ಯಾಕ್ಟೀರಿಯಾ ಬಹುಪಾಲು ಶತ್ರುಗಳಾಗಿ ಕಂಡವು. ಅವುಗಳ ಜೊತೆ ಜಗಳವಾಡದೆ ಬಾಳೋದನ್ನೂ ಅದೇ ನುಂಗುವ ಕೋಶಗಳು ನೋಡಿಕೊಳ್ಳುತ್ತವೆ ಅಂತ ತಿಳಿಯೋಕೆ ಅವರು ಹೋದಮೇಲೆ ಇನ್ನೂ ಬಹಳ ವರ್ಷ ಹಿಡಿಯಿತು.