ಇಂದಿನ ಧಮ್ಮ ಚಿಂತನೆ: ನನ್ನ ಹಿಂದೆ ಬರಬೇಡಿ



ಕಪಿಲವಸ್ತುವಿನಿಂದ ರಾಜಗೃಹಕ್ಕೆ 400 ಮೈಲಿ, ಅಂದರೆ ಸುಮಾರು 640 ಕಿಲೋಮೀಟರ್. ಸಿದ್ಧಾರ್ಥ ಗೌತಮರು 29ನೇ ವಯಸ್ಸಿನಲ್ಲಿ ಗಂಗೆಯನ್ನು ದಾಟಿ ಅಷ್ಟೂ ದೂರ ಕಾಲ್ನಡಿಗೆಯಲ್ಲೇ ಹೋದರು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬರೆದಿದ್ದಾರೆ. ಇಂದು ಆ ನಡಿಗೆಯ ಮೊದಲ ದಿನವನ್ನಷ್ಟೇ ನೋಡೋಣ.

ನಾನು ಶಾಲೆಯಲ್ಲಿ ಕೇಳಿದ ಕಥೆ ಬೇರೆ. ಮುದುಕ, ರೋಗಿ, ಹೆಣ ಕಂಡರಂತೆ. ನಡುರಾತ್ರಿ ಮಲಗಿದ್ದ ಹೆಂಡತಿ ಮಗುವನ್ನು ಬಿಟ್ಟು ಹೋದರಂತೆ. 29 ವರ್ಷ ತುಂಬುವವರೆಗೆ ಒಬ್ಬ ಮುದುಕನನ್ನೂ ಕಾಣದೆ ಇರುವುದು ಸಾಧ್ಯವೇ ಎಂಬುದು ಬಾಬಾಸಾಹೇಬರ ಪ್ರಶ್ನೆ. ಮಜ್ಝಿಮ ನಿಕಾಯದ ಅರಿಯಪರಿಯೇಸನ ಸುತ್ತದಲ್ಲೂ ತಂದೆತಾಯಿ ಕಣ್ಣೀರು ಹಾಕುತ್ತಿದ್ದಾಗಲೇ ಮನೆ ಬಿಟ್ಟರೆಂದಿದೆ. ಮಲಗಿದವರು ಹೇಗೆ ಅಳುತ್ತಾರೆ?

ನಿಜವಾದ ಕಾರಣ ರೋಹಿಣಿ ನದಿಯ ನೀರು. ಆ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳವಿತ್ತು. ಶಾಕ್ಯ ಸಂಘದ ಸಭೆಯಲ್ಲಿ ಸೇನಾಪತಿ ಯುದ್ಧದ ನಿರ್ಣಯ ಮಂಡಿಸಿದ. ಸಿದ್ಧಾರ್ಥರು ಎದ್ದು ನಿಂತು ವಿರೋಧಿಸಿದರು. ಎರಡೂ ಕಡೆಯವರು ಇಬ್ಬಿಬ್ಬರನ್ನು ಆರಿಸಲಿ, ಆ ನಾಲ್ವರು ಸೇರಿ ಐದನೆಯವರನ್ನು ಆರಿಸಲಿ, ಆ ಐವರು ನ್ಯಾಯ ತೀರ್ಮಾನಿಸಲಿ ಎಂದು ಸಲಹೆ ಕೊಟ್ಟರು. ಮತಕ್ಕೆ ಹಾಕಿದಾಗ ಸೋತರು. ಮರುದಿನ 20ರಿಂದ 50 ವಯಸ್ಸಿನ ಪ್ರತಿಯೊಬ್ಬ ಶಾಕ್ಯನೂ ಸೈನ್ಯ ಸೇರಬೇಕೆಂಬ ನಿರ್ಣಯ ಬಂತು. ಆಗಲೂ ಅವರು ಒಪ್ಪಲಿಲ್ಲ. ಒಪ್ಪದಿದ್ದರೆ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ, ಜಮೀನು ಮುಟ್ಟುಗೋಲು ಎಂದು ಸೇನಾಪತಿ ಹೆದರಿಸಿದ.

ಬಹಿಷ್ಕಾರ ಎಂದರೇನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಅಜ್ಜ ಇನ್ನು ಹಲಗೆ ಬಾರಿಸುವುದಿಲ್ಲ ಎಂದ ವರ್ಷ ಊರಿನ ಅಂಗಡಿಯಲ್ಲಿ ನಮ್ಮ ಮನೆಗೆ ಬೆಂಕಿಪೊಟ್ಟಣವೂ ಸಿಗಲಿಲ್ಲ. ಗಿರಣಿಯಲ್ಲಿ ಜೋಳ ಬೀಸಿಕೊಡಲಿಲ್ಲ. ಅಜ್ಜಿ ಜೋಳದ ಚೀಲ ಹೊತ್ತು ಪಕ್ಕದ ಊರಿಗೆ ನಡೆಯುತ್ತಿದ್ದಳು. ಅದಕ್ಕೇ ಸಿದ್ಧಾರ್ಥರು ಆಗ ಮಾಡಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ತಮ್ಮವರ ಮೇಲೆ ಬರಲಿದ್ದ ಶಿಕ್ಷೆಯನ್ನು ತಾವೇ ಹೊತ್ತುಕೊಂಡರು. ಪರಿವ್ರಾಜಕನಾಗಿ ದೇಶ ಬಿಟ್ಟು ಹೋಗುತ್ತೇನೆ ಎಂದರು. ಮನೆಗೆ ಬಂದು ತಂದೆತಾಯಿಗೆ ಹೇಳಿದರು. ಯಶೋಧರೆ ಧೈರ್ಯವಾಗಿ ಒಪ್ಪಿಗೆ ಕೊಟ್ಟಳು. ಮಗು ರಾಹುಲನನ್ನು ಒಮ್ಮೆ ಕಣ್ತುಂಬ ನೋಡಿ ಹೊರಟರು.

ಊರಂಚಿನಲ್ಲಿದ್ದ ಭಾರದ್ವಾಜರ ಆಶ್ರಮದಲ್ಲಿ ಪರಿವ್ರಜ್ಯೆ ಪಡೆದರು. ಭಿಕ್ಷಾಪಾತ್ರೆ ಹಿಡಿದು ನಡೆಯಲು ಶುರು ಮಾಡಿದಾಗ ಜನ ಗುಂಪು ಗುಂಪಾಗಿ ಹಿಂಬಾಲಿಸಿದರು. ಅವರು ನಿಂತರು. ನನ್ನ ಹಿಂದೆ ಬಂದು ಪ್ರಯೋಜನವಿಲ್ಲ, ಈ ಜಗಳ ಬಗೆಹರಿಸಲು ನನ್ನಿಂದ ಆಗಲಿಲ್ಲ, ನೀವು ಹಿಂದಿರುಗಿ ಶಾಂತಿಯ ಪರವಾಗಿ ಜನಾಭಿಪ್ರಾಯ ಮೂಡಿಸಿದರೆ ನಿಮ್ಮಿಂದ ಆಗಬಹುದು ಎಂಬ ಅರ್ಥದ ಮಾತು ಹೇಳಿ ಕಳಿಸಿದರು. ಛನ್ನ ಮಾತ್ರ ಹಟ ಹಿಡಿದು ಕಂಥಕ ಕುದುರೆಯೊಡನೆ ಅನೋಮಾ ನದಿಯ ದಡದವರೆಗೆ ಬಂದ. ಕೊನೆಗೆ ಅವನೂ ಅಳುತ್ತ ಮರಳಿದ. ಮುಂದಿನ ದಾರಿಯನ್ನು ಸಿದ್ಧಾರ್ಥರು ಒಬ್ಬರೇ ನಡೆದರು.

ಊರಿಗೆ ಮರಳಿದ ಜನ ಸುಮ್ಮನೆ ಕೂರಲಿಲ್ಲ. ಶಾಕ್ಯರಲ್ಲೂ ಕೋಲಿಯರಲ್ಲೂ ಯುದ್ಧದ ವಿರುದ್ಧ ಚಳವಳಿ ಎದ್ದಿತು, ಮೆರವಣಿಗೆಗಳು ನಡೆದವು. ಸಂಘ ಮತ್ತೆ ಸಭೆ ಸೇರಿ ಸಂಧಾನಕ್ಕೆ ಒಪ್ಪಿತು. ನೀರಿನ ತಂಟೆ ತೀರಿಸಲು ಕಾಯಂ ಮಂಡಳಿಯೇ ಆಯಿತು. ಯುದ್ಧ ನಿಂತ ಸುದ್ದಿಯನ್ನು ಐವರು ಪರಿವ್ರಾಜಕರು ರಾಜಗೃಹದಲ್ಲಿ ಅವರಿಗೆ ಮುಟ್ಟಿಸಿದರು. ಆದರೂ ಅವರು ಮನೆಗೆ ಮರಳಲಿಲ್ಲ. ಮನುಷ್ಯ ಮನುಷ್ಯರ ನಡುವೆ, ವರ್ಗ ವರ್ಗಗಳ ನಡುವೆ ನಡೆಯುತ್ತಲೇ ಇರುವ ಸಂಘರ್ಷ ಅವರಿಗೆ ರೋಹಿಣಿಯ ಜಗಳಕ್ಕಿಂತ ದೊಡ್ಡದಾಗಿ ಕಂಡಿತು. ಅದಕ್ಕೆ ಪರಿಹಾರ ಹುಡುಕುತ್ತ ನಡಿಗೆ ಮುಂದುವರಿಯಿತು.

ಬಂಧುಗಳೇ, ಅಂದು ಮುಂದೆ ನಡೆದವರು ಒಬ್ಬರು, ಹಿಂದಿರುಗಿದವರು ನೂರಾರು. ಯುದ್ಧವನ್ನು ನಿಲ್ಲಿಸಿದ್ದು ಹಿಂದಿರುಗಿದವರು. ನಾಗಪುರದ ದೀಕ್ಷಾಭೂಮಿಗೆ ಹೋದಾಗಲೆಲ್ಲ, ರಾತ್ರಿ ಸ್ಟೇಷನ್ನಿನಲ್ಲಿ ಬುತ್ತಿಗಂಟು, ಪುಸ್ತಕದ ಚೀಲ ಹಿಡಿದು ಊರಿನ ರೈಲಿಗೆ ಕಾಯುವ ನಮ್ಮ ಜನರನ್ನು ಕಂಡು ನನಗೆ ಅವರ ನೆನಪಾಗುತ್ತದೆ. ದೀಕ್ಷೆ ಪಡೆಯುವುದು ಒಂದು ದಿನದ ಮಾತು, ಊರಿಗೆ ಮರಳಿ ಅದರಂತೆ ಬಾಳುವುದು ಉಳಿದೆಲ್ಲ ದಿನಗಳ ಕೆಲಸ.

ಇಂದಿನ ಸಂಕಲ್ಪ: ನಮ್ಮ ಓಣಿಯಲ್ಲಿ ನಳದ ನೀರಿಗಾಗಿ ಮಾತು ಬಿಟ್ಟ ಎರಡು ಮನೆಗಳಿದ್ದರೆ, ಸಂಜೆ ವಂದನೆ ಮುಗಿಸಿ ಆ ಎರಡೂ ಮನೆಗೆ ಹೋಗಿ ಬರೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏