ನೆಲೆಯಿಲ್ಲದವರಿಗೆ ನೆಲ ಹುಡುಕಿದ ದೊಡ್ಡ ಸ್ವಾಮಿಯವರು

ಸಕಲೇಶಪುರ ಮತ್ತು ಆಲೂರು ಸೀಮೆಯ ಗುಡ್ಡಗಳ ನೀರನ್ನೆಲ್ಲ ಒಡಲಲ್ಲಿ ತುಂಬಿಕೊಂಡು ಹೇಮಾವತಿಯು ಬಯಲಿಗೆ ಇಳಿಯುವೆಡೆಯಲ್ಲಿ, ಗೊರೂರು ಅಣೆಕಟ್ಟೆಯ ಹಿನ್ನೀರಿನ ನಡುವೆ, ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದ ಅಳಿದುಳಿದ ಗೋಡೆಗಳು ನಿಂತಿವೆ. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೆದ್ದು ಬರುವ ಈ ಗೋಡೆಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬಂದವರಲ್ಲಿ ಬಹುಮಂದಿ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಆ ನೆಲದಲ್ಲಿ ಕ್ರೈಸ್ತ ಒಕ್ಕಲುಗಳು ಬೇರೂರಿದುದು ಹೇಗೆಂಬುದನ್ನು ಕೇಳುವವರು ಕಡಿಮೆ. ದೇವಾಲಯವನ್ನು ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಆದರೆ ಅದರ ಹಿಂದಿನ ಕಥೆ ಅದಕ್ಕಿಂತ ಅರ್ಧ ಶತಮಾನಕ್ಕೂ ಹಳೆಯದು. ಅದು ಅಬ್ಬೆ ದುಬ್ವಾ ಅವರ ಕಥೆ. ಮೈಸೂರು ಸೀಮೆಯ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು.

ಜಾನ್ ಆಂಟ್ವಾನ್ ದುಬ್ವಾ ಫ್ರಾನ್ಸಿನ ದಕ್ಷಿಣ ಭಾಗದ ಆರ್ದೆಷ್ ಪ್ರಾಂತದವರು. 1792ರಲ್ಲಿ ವಿವಿಯೆ ಧರ್ಮಪ್ರಾಂತದಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರಾನ್ಸಿನ ಕ್ರಾಂತಿಯು ಧರ್ಮಸಭೆಯ ಮೇಲೆ ಮುರಿದುಬಿದ್ದ ಕಾಲ. ಹೊಸ ಸರ್ಕಾರದ ಕಟ್ಟಳೆಗೆ ಪ್ರಮಾಣ ಮಾಡಲೊಲ್ಲದ ಗುರುಗಳು ಊರು ಬಿಟ್ಟು ಓಡಬೇಕಾಯಿತು, ಇಲ್ಲವೇ ಸೆರೆ ಸೇರಬೇಕಾಯಿತು. ಆ ವರ್ಷದ ಜೂನ್ 19ರಂದು ದುಬ್ವಾ ಅವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುವಾಗಿ ಹಡಗನ್ನೇರಿ ಭಾರತದತ್ತ ಹೊರಟರು. ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳ ಕೊಲೆಯಾಯಿತು. ಮೂರು ತಿಂಗಳು ತಡವಾಗಿದ್ದರೆ ಅವರ ಗತಿ ಏನಾಗುತ್ತಿತ್ತೋ! ಹೀಗೆ ತಮ್ಮ ನಾಡಿನ ಬೆಂಕಿಯಿಂದ ಪಾರಾಗಿ ಬಂದವರನ್ನು ನಮ್ಮ ಹಿರಿಯರು ಗುರುವಾಗಿ ಪಡೆದರು. ಅದೇ 1792ರಲ್ಲಿ ಸಕಲೇಶಪುರದ ಬಳಿ ಮಂಜರಾಬಾದಿನ ಬೆಟ್ಟದ ಮೇಲೆ, ಫ್ರೆಂಚರ ಮಾದರಿಯಲ್ಲಿ, ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆಯನ್ನು ಟಿಪ್ಪು ಸುಲ್ತಾನ ಮುಗಿಸಿದನೆಂಬುದು ಕೇವಲ ಕಾಕತಾಳೀಯವಾದರೂ ನೆನಪಿಡತಕ್ಕ ಸಂಗತಿ.

ಮೊದಲ ಕೆಲವು ವರ್ಷ ಅವರು ಪುದುಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ದುಡಿದರು. ಐರೋಪ್ಯರ ಸಹವಾಸವನ್ನು ತೊರೆದು, ತಲೆಗೆ ರುಮಾಲು ಸುತ್ತಿ, ದೇಶೀಯ ಉಡುಪನ್ನು ತೊಟ್ಟು, ಜನರ ನಡೆನುಡಿಗಳಿಗೆ ಹೊಂದಿಕೊಂಡು ಬಾಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವರ ಬದುಕು ಹೊಸ ತಿರುವನ್ನು ಪಡೆಯಿತು.

ಅದಕ್ಕೆ ಹದಿನೈದು ವರ್ಷಗಳ ಹಿಂದೆ, 1784ರ ಫೆಬ್ರುವರಿ 24ರಂದು, ಕರಾವಳಿಯ ಕಥೋಲಿಕರನ್ನು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅವರ ಹೊಲಮನೆಗಳು ಪರರ ಪಾಲಾದವು, ದೇವಾಲಯಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯಲ್ಲಿ ಬರಹಗಾರರಿಗೆ ಒಮ್ಮತವಿಲ್ಲ. ದುಬ್ವಾ ಅವರು ಅರವತ್ತು ಸಾವಿರಕ್ಕೂ ಮಿಗಿಲೆಂದು ಬರೆದರು. ದಾರಿಯಲ್ಲಿ ಸತ್ತವರು, ರೋಗದಲ್ಲಿ ಮಡಿದವರು, ಬಲವಂತಕ್ಕೆ ಮಣಿದು ಮತಾಂತರಗೊಂಡವರು ಅದೆಷ್ಟೋ ಮಂದಿ. ಬಿಡುಗಡೆಯಾದ ಮೇಲೆ ಉಳಿದವರಲ್ಲಿ ಸಾವಿರಾರು ಮಂದಿ ಕರಾವಳಿಗೆ ಹಿಂದಿರುಗಿದರು. ಆಗ ಕೆನರಾದ ಕಲೆಕ್ಟರನಾಗಿದ್ದವನು ಥಾಮಸ್ ಮನ್ರೊ. ಆದರೆ ಹಿಂದಿರುಗಲಾರದವರೂ ಇದ್ದರು. ಮೈಸೂರು ಸೀಮೆಯಲ್ಲಿಯೇ ಗುರುವಿಲ್ಲದೆ, ಬಲಿಪೂಜೆಯಿಲ್ಲದೆ ಚದುರಿಹೋಗಿದ್ದ ಕ್ರೈಸ್ತರೂ ಇದ್ದರು. ಇವರನ್ನು ಒಟ್ಟುಗೂಡಿಸುವ ಭಾರ ದುಬ್ವಾ ಅವರ ಹೆಗಲೇರಿತು. ಶ್ರೀರಂಗಪಟ್ಟಣದ ಬಳಿ ಗಂಜಾಮಿನಲ್ಲಿ 1800ರಲ್ಲಿ ಅವರು ಸ್ಥಾಪಿಸಿದ ದೇವಾಲಯವು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತವಾಗಿದೆ.

ಈ ಕಾಲದ ಒಂದು ಪ್ರಸಂಗವನ್ನು ನಾವು ಇಲ್ಲಿ ತುಸು ವಿವರವಾಗಿ ಹೇಳಬಯಸುತ್ತೇವೆ. ಸೆರೆಯಾದ ಕ್ರೈಸ್ತ ಕುಟುಂಬಗಳಿಂದ ಒಯ್ಯಲ್ಪಟ್ಟ ಇನ್ನೂರರಷ್ಟು ಸ್ತ್ರೀಯರು ಟಿಪ್ಪುವಿನ ಅಂತಃಪುರದಲ್ಲಿ ಇನ್ನೂ ಉಳಿದಿದ್ದರು. ಅವರನ್ನು ಅವರ ಮನೆಯವರಿಗೆ ಒಪ್ಪಿಸಬೇಕೆಂದು ದುಬ್ವಾ ಅವರು ಕೋರಿಕೆ ಸಲ್ಲಿಸಿದರು. ಶ್ರೀರಂಗಪಟ್ಟಣದ ಅಧಿಕಾರವು ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಲೋಕಪ್ರಸಿದ್ಧನಾದವನು ಈತನೇ. ದುಬ್ವಾ ಅವರ ಬಗ್ಗೆ ಅವನಿಗೆ ಗೌರವವಿತ್ತು. ಆದರೂ ಕೋರಿಕೆಯನ್ನು ಒಪ್ಪಲಿಲ್ಲ. ಟಿಪ್ಪುವಿನ ಕುಟುಂಬವು ಕಂಪನಿಯ ರಕ್ಷಣೆಯಲ್ಲಿರುವುದರಿಂದ ಅದಕ್ಕೆ ಅಪಮಾನವಾಗುವ ಕೆಲಸ ಸಲ್ಲದೆಂಬುದು ಅವನ ವಾದ; ತನ್ನ ನಿರಾಕರಣೆ ನ್ಯಾಯಕ್ಕೆ ಪೂರ್ತಿ ಒಪ್ಪುವಂಥದಲ್ಲವೆಂಬುದನ್ನು ಅವನೇ ಮರೆಮಾಚಲಿಲ್ಲ. ಗೆದ್ದವರು ಬದಲಾದರು, ಆ ಸ್ತ್ರೀಯರ ಪಾಲಿಗೆ ಬಾಗಿಲು ಮಾತ್ರ ತೆರೆಯಲಿಲ್ಲ. ದುಬ್ವಾ ಅವರ ಜೀವನ ಬರೆದವರು ಅವರ ಗ್ರಂಥಗಳನ್ನು ಎಷ್ಟು ಹೊಗಳುತ್ತಾರೋ ಅಷ್ಟು ಈ ಸೋತ ಮನವಿಯನ್ನು ನೆನೆಯುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಅವರ ದೊಡ್ಡ ಕಾರ್ಯಗಳಲ್ಲೊಂದು.

ಬಲವಂತದ ಮತಾಂತರಕ್ಕೆ ಒಳಗಾಗಿದ್ದವರು ಮರಳಿ ಬಂದಾಗ ಅವರಿಗೆ ಪಾಪನಿವೇದನೆಯ ಮೂಲಕ ಧರ್ಮಸಭೆಯ ಬಾಗಿಲನ್ನು ತೆರೆದವರೂ ಅವರೇ. ಆದರೆ ಮುಂದೆ ಬರೆದ ಪತ್ರಗಳಲ್ಲಿ, ಅಷ್ಟು ಸಾವಿರ ಜನರಲ್ಲಿ ತನ್ನ ವಿಶ್ವಾಸಕ್ಕಾಗಿ ಎದೆಯೊಡ್ಡಿ ನಿಂತವನು ಒಬ್ಬನೂ ಇರಲಿಲ್ಲವೆಂದು ಅವರು ನೊಂದು ನುಡಿದಿದ್ದಾರೆ. ಮಕ್ಕಳುಮರಿಗಳೊಡನೆ ಘಟ್ಟ ಹತ್ತಿದ ಜನರ ಮೇಲೆ ಈ ತೀರ್ಪು ಕಠಿಣವಾಯಿತೆಂದೇ ನಮಗೆ ತೋರುತ್ತದೆ. ಲೇಖನಿಯಲ್ಲಿ ಕಠೋರರಾಗಿದ್ದ ಅವರು ಜನರೊಡನೆ ಹಾಗಿರಲಿಲ್ಲವೆಂಬುದಕ್ಕೆ ಅವರ ಕೆಲಸವೇ ಸಾಕ್ಷಿ.

ಭೂಮಿಯಿಲ್ಲದವನಿಗೆ ಊರಿಲ್ಲ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಇವುಗಳಲ್ಲಿ ಹೆಸರಾದುದು ಹಾಸನದ ಸಮೀಪದ ನಮ್ಮ ಶೆಟ್ಟಿಹಳ್ಳಿಯ ಭಾಗದ್ದು. ಕಾಫಿ ತೋಟಗಳು ಇತ್ತ ಹಬ್ಬುವುದಕ್ಕೆ ಮುನ್ನವೇ ಇಲ್ಲಿ ನೇಗಿಲು ಹಿಡಿದ ಕ್ರೈಸ್ತ ರೈತನಿದ್ದನು. ಆಲೂರು, ಸಕಲೇಶಪುರದ ತೋಟಗಳ ದೊರೆಗಳು ಶೆಟ್ಟಿಹಳ್ಳಿಯ ದೇವಾಲಯಕ್ಕೆ ಬರತೊಡಗಿದ್ದು ಬಹಳ ಕಾಲದ ನಂತರ.

ಸಿಡುಬಿನ ವಿರುದ್ಧ ಅವರು ನಡೆಸಿದ ಕಾರ್ಯವನ್ನೂ ಹೇಳಲೇಬೇಕು. ಜೆನ್ನರನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರಲ್ಲಿ. 1803-04ರಲ್ಲಿಯೇ ಅವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ಲಸಿಕೆ ಹಾಕಿದ ದಾಖಲೆಯಿದೆ. ಜನ ಸೂಜಿಯನ್ನು ಕಂಡು ಹೆದರುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯ ಸಂಖ್ಯೆಯಲ್ಲ.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಕಂಪನಿಯವರು 1807ರಲ್ಲಿ ಕೊಂಡುಕೊಂಡರು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂದಿತು. ಅದರಲ್ಲಿನ ಎಷ್ಟೋ ಅಭಿಪ್ರಾಯಗಳನ್ನು ಇಂದು ಯಾರೂ ಒಪ್ಪಲಾರರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದವರೂ ಅವರೇ.

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ನಿರ್ದೇಶಕರಲ್ಲೊಬ್ಬರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿ ಸೇವೆ ಸಲ್ಲಿಸಿ, 1848ರ ಫೆಬ್ರುವರಿ 17ರಂದು ನಿಧನರಾದರು. ಅದಾದ ಒಂದು ವಾರದಲ್ಲಿಯೇ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿಯೆದ್ದು ರಾಜನು ಸಿಂಹಾಸನ ಬಿಟ್ಟು ಓಡಿದನು.

ಶೆಟ್ಟಿಹಳ್ಳಿಯ ಒಕ್ಕಲುಗಳು ಮತ್ತೊಮ್ಮೆ ನೆಲೆ ತಪ್ಪಿದ್ದು ನಮ್ಮ ಕಾಲದಲ್ಲಿ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿಯಿತು; ಹೊಲಗದ್ದೆಗಳು ಹಿನ್ನೀರಿನ ಪಾಲಾದವು. ಜನರು ಬೇರೆಡೆಗೆ ಹೋಗಿ ಹೊಸ ಊರುಗಳನ್ನು ಕಟ್ಟಿಕೊಂಡರು, ಅಲ್ಲಿ ಹೊಸ ಪೂಜಾಪೀಠಗಳನ್ನೂ ಎಬ್ಬಿಸಿದರು. ಹಳೆಯ ದೇವಾಲಯವನ್ನು ಮಾತ್ರ ಹೊತ್ತೊಯ್ಯಲಾಗಲಿಲ್ಲ.