ವೀಣೆ ಶೇಷಣ್ಣನವರು ಮತ್ತು ಮೈಸೂರಿನ ಜೋಡಿ ವೀಣೆ

ವೀಣೆ ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವೈಣಿಕರು. ಮನೆತನದ ಮೂಲವನ್ನು ತಂಜಾವೂರಿನ ಪಚ್ಚಿಮಿರಿಯಂ ಆದಿಯಪ್ಪಯ್ಯನವರವರೆಗೆ ಗುರುತಿಸುವ ಸಂಪ್ರದಾಯವುಂಟು. ಶಿವರಾತ್ರಿಯ ಒಂದು ಸಭೆಯಲ್ಲಿ ಹಿರಿಯ ವಿದ್ವಾಂಸರಿಗೂ ಒಗ್ಗದ ಪಲ್ಲವಿಯೊಂದನ್ನು ಬಾಲಕ ಶೇಷಣ್ಣ ಹಾಡಿ ತೋರಿಸಿ, ಪ್ರಭುಗಳಿಂದ ಮುತ್ತಿನ ಹಾರವನ್ನು ಪಡೆದನೆಂಬ ಐತಿಹ್ಯ ಪ್ರಚಲಿತವಾಗಿದೆ. ಇಂತಹ ಕಥೆಗಳು ಪ್ರತಿಯೊಬ್ಬ ಆಸ್ಥಾನ ವಿದ್ವಾಂಸನ ಸುತ್ತಲೂ ಬೆಳೆಯುವುದು ಸಹಜವೇ. ಆದರೆ ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ಹುಡುಗನಿಗೆ ಆ ಹಾರಕ್ಕಿಂತ ಹೆಚ್ಚಾಗಿ ಒದಗಿ ಬಂದುದು ಅಕ್ಕ ವೆಂಕಮ್ಮನವರ ಪಾಠ. ಅನಂತರ ದೊಡ್ಡ ಶೇಷಣ್ಣನವರಲ್ಲಿ ವೀಣೆಯನ್ನೂ, ಮೈಸೂರು ಸದಾಶಿವರಾಯರಲ್ಲಿ ಗಾಯನವನ್ನೂ ಅಭ್ಯಾಸ ಮಾಡಿದರು. ಅವರ ವಾದನದಲ್ಲಿ ಕಂಠದ ಗುಣವಿದ್ದಿತೆಂದು ಕೇಳಿದವರು ಹೇಳುತ್ತಿದ್ದುದಕ್ಕೆ ಈ ಎರಡನೆಯ ಶಿಕ್ಷಣವೇ ಕಾರಣವಿರಬೇಕು.

ಚಾಮರಾಜೇಂದ್ರ ಒಡೆಯರು ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. ಅದೇ ಆಸ್ಥಾನದಲ್ಲಿ ದೊಡ್ಡ ಶೇಷಣ್ಣನವರ ಮನೆತನಕ್ಕೆ ಸೇರಿದ ವೀಣೆ ಸುಬ್ಬಣ್ಣನವರಿದ್ದರು. ಅವರೂ ಸದಾಶಿವರಾಯರ ಶಿಷ್ಯರೇ. ಇಬ್ಬರು ಸಮರ್ಥರು ಒಂದೇ ಆಶ್ರಯದಲ್ಲಿದ್ದಾಗ ಮಾತ್ಸರ್ಯ ಹುಟ್ಟುವುದು ಅರಮನೆಗಳ ಚರಿತ್ರೆಯಲ್ಲಿ ಅಪೂರ್ವವೇನಲ್ಲ. ಇಲ್ಲಿ ಆದದ್ದು ಬೇರೆ. ಇಬ್ಬರೂ ಜೊತೆಯಾಗಿ ಕುಳಿತು ನುಡಿಸಿದರು. ಇಪ್ಪತ್ತನಾಲ್ಕು ಮೆಟ್ಟಿಲುಗಳ, ನಾಲ್ಕು ವಾದನದ ತಂತಿ ಹಾಗೂ ಮೂರು ತಾಳದ ತಂತಿಗಳ ಈ ವಾದ್ಯವನ್ನು ಇಬ್ಬರು ಕೂಡಿ ನುಡಿಸುವುದು ಸುಲಭವಲ್ಲ. ತಂತಿಯನ್ನು ಎಳೆದು ಗಮಕ ತೆಗೆಯುವಾಗ ಒಬ್ಬನ ಎಳೆತ ಕೂದಲೆಳೆಯಷ್ಟು ಹೆಚ್ಚಾದರೂ ಶ್ರುತಿ ಒಡೆಯುತ್ತದೆ. ಜೋಡಿ ವೀಣೆಯಲ್ಲಿ ಒಬ್ಬನು ತನ್ನ ಮನೋಧರ್ಮವನ್ನು ಇನ್ನೊಬ್ಬನಿಗಾಗಿ ಅಲ್ಲಲ್ಲಿ ತಡೆಹಿಡಿಯಬೇಕಾಗುತ್ತದೆ.

ಶೇಷಣ್ಣನವರ ಕೈ ವೀಣೆಯೊಂದಕ್ಕೇ ಸೀಮಿತವಾಗಿರಲಿಲ್ಲ. ಚರ್ಮ ಹೊದಿಸಿದ ಬುರುಡೆಯುಳ್ಳ, ಇಂದು ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಕಾಣಸಿಗುವಂತಾಗಿರುವ ಸ್ವರಬತ್ತನ್ನು ಅವರು ನುಡಿಸುತ್ತಿದ್ದರು. ರುದ್ರವೀಣೆ, ನಾರಾಯಣ ವೀಣೆ, ಸಿತಾರ್, ಪಿಟೀಲು, ಪಿಯಾನೋಗಳೂ ಅವರಿಗೆ ವಶವಾಗಿದ್ದವು. ಆಗ್ರಾ ಘರಾಣೆಯ ನತ್ಥನ್ ಖಾನರಂತಹ ಉತ್ತರಾದಿ ಗಾಯಕರಿಗೂ ಆಶ್ರಯ ಕೊಟ್ಟಿದ್ದ ಅರಮನೆಯಲ್ಲಿ ಇಂತಹ ಕುತೂಹಲ ಬೆಳೆಯಲು ಅವಕಾಶವಿದ್ದಿತು. ಅವರು ರಚಿಸಿದ ಸ್ವರಜತಿಗಳಲ್ಲಿಯೂ ತಿಲ್ಲಾನಗಳಲ್ಲಿಯೂ, ವಿಶೇಷವಾಗಿ ಝಂಜೂಟಿಯ ತಿಲ್ಲಾನದಲ್ಲಿ, ಈ ಬಹುವಾದ್ಯ ಪರಿಚಯದ ಲಾಘವ ಕಾಣುತ್ತದೆ.

ಬರೋಡೆಯ ಪ್ರಭುಗಳು ಅವರಿಗೆ ಪಲ್ಲಕ್ಕಿಯ ಮರ್ಯಾದೆಯನ್ನಿತ್ತ ಪ್ರಸಂಗ ಪ್ರಸಿದ್ಧವಾದುದು. ಮೈಸೂರಿಗೆ ಮರಳಿದಾಗ ಅದರಲ್ಲಿ ಕುಳಿತು ಮೆರವಣಿಗೆಯಲ್ಲಿ ಬರಬೇಕೆಂದು ಇಲ್ಲಿನ ಅರಸರು ಅಪೇಕ್ಷಿಸಿದರಂತೆ. ಶೇಷಣ್ಣನವರು ವೀಣೆಯನ್ನು ಪಲ್ಲಕ್ಕಿಯಲ್ಲಿರಿಸಿ, ತಾವು ಪಕ್ಕದಲ್ಲಿ ನಡೆದು ಬಂದರು. ಮರ್ಯಾದೆ ಸಂದುದು ವಾದ್ಯಕ್ಕೆಂದು ಅರಿಕೆ ಮಾಡಿದರು. ಇದನ್ನು ವಿನಯದ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಅಭಿಮಾನದ ಅಂಶವೂ ಅಷ್ಟೇ ಇದೆ. ಒಬ್ಬ ಅರಸನ ಅನ್ನವುಂಡು ಇನ್ನೊಬ್ಬ ಅರಸನ ಪಲ್ಲಕ್ಕಿಯಲ್ಲಿ ಮೆರೆಯಲಾಗದ ಆಶ್ರಿತನು ಇಬ್ಬರನ್ನೂ ನೋಯಿಸದೆ, ತನ್ನ ವಿದ್ಯೆಯನ್ನು ಇಬ್ಬರಿಗಿಂತಲೂ ಎತ್ತರದಲ್ಲಿರಿಸಿದ ಬಗೆ ಅದು.

1894ರಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ಶೇಷಣ್ಣನವರ ಸ್ಥಾನ ಕುಂದಲಿಲ್ಲ. ವೈಣಿಕ ಶಿಖಾಮಣಿ ಎಂಬ ಬಿರುದು ಅವರ ಹೆಸರಿನೊಡನೆ ಬೆರೆತುಹೋಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ ಎಪ್ಪತ್ತೆರಡರ ಈ ವೃದ್ಧರು ಅಲ್ಲಿ ವೀಣೆ ನುಡಿಸಿದರು. ದರ್ಬಾರಿನ ವಾದ್ಯವು ಖಾದಿಯ ಸಭೆಯನ್ನು ಪ್ರವೇಶಿಸಿದ ಆ ಗಳಿಗೆಯನ್ನು ಕನ್ನಡ ಸಾಂಸ್ಕೃತಿಕ ಚರಿತ್ರೆ ಇನ್ನೂ ಸಾಕಷ್ಟು ಗಮನಿಸಿಲ್ಲ.

ಶಿಷ್ಯರಲ್ಲಿ ಚಿತ್ರಶಿಲ್ಪಿ ಕೆ. ವೆಂಕಟಪ್ಪನವರ ವೃತ್ತಾಂತ ವಿಲಕ್ಷಣವಾದುದು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರು, ಕುಂಚವನ್ನು ಬದಿಗಿಡುವಷ್ಟರ ಮಟ್ಟಿಗೆ ವೀಣೆಗೆ ಒಲಿದರು. ಗುರುವಿನಿಂದ ಒಂದು ಕಲೆಗೆ ಲಾಭವಾದಂತೆ ಇನ್ನೊಂದಕ್ಕೆ ನಷ್ಟವೂ ಆಯಿತೆನ್ನಬಹುದು. 1926ರಲ್ಲಿ ಶೇಷಣ್ಣನವರು ತೀರಿಕೊಂಡ ಮೇಲೆ ಮೈಸೂರು ಬಾನಿಯನ್ನು ವೆಂಕಟಗಿರಿಯಪ್ಪನವರು ಮುಂದುವರಿಸಿದರು. ಅವರಿಂದ ಅದು ವಿ. ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಬಂದಿತು. ಸುಬ್ಬಣ್ಣನವರು ತಮ್ಮ ಜೊತೆಗಾರನಿಲ್ಲದೆ ಇನ್ನೂ ಹದಿಮೂರು ವರ್ಷ ಬದುಕಿದ್ದು, 1939ರಲ್ಲಿ ಕಾಲವಾದರು.